ಕೆಂಪು ನೂಲು ಕಟ್ಟಿದ ಮುದುಕಿ

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ನ್ಯೂರೆಂಬರ್ಗಿಗೆ ಬಂದಿದ್ದ ಗುರುಬಸಪ್ಪನ ಫ್ಲ್ಯಾಟಿನಲ್ಲಿ ದಿನವೂ ರೊಟ್ಟಿ ತಟ್ಟುವ ಸದ್ದು. ಎಂಟು ತಿಂಗಳ ಮೊಮ್ಮಗಳನ್ನು ನೋಡಲು ಬಾಗಲಕೋಟೆಯಿಂದ ಬಂದಿದ್ದ ಅವನ ತಾಯಿ ಬಸಕ್ಕ, ಬಂದ ದಿನವೇ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಳು. ಮೂಢನಂಬಿಕೆಗೆ ವೀಸಾ ಕೇಳುವವರು ಯಾರು? ಕಂಪ್ಯೂಟರಿನ ಮುಂದೆ ಹುಲಿಯಾದ ಮಗ ತಾಯಿಯ ಮುಂದೆ ತುಟಿ ಬಿಚ್ಚುವವನಲ್ಲ.

ಎದುರು ಮನೆಯ ಲೆವಿನಾ ಉಕ್ರೇನಿನ ಒಡೆಸ್ಸಾದಿಂದ ಬಂದ ಯಹೂದಿ ಮುದುಕಿ. ಹಸುಗೂಸುಗಳನ್ನು ಒಯ್ಯುವ ಲಿಲಿತ್ ಎಂಬ ರಾಕ್ಷಸಿಗೆ ಅವರ ಹಿರಿಯರು ಹೆದರುತ್ತಿದ್ದರಂತೆ. ಬಾಣಂತಿಯ ಕೋಣೆಗೆ ದೇವದೂತರ ಹೆಸರಿನ ಚೀಟಿ ಅಂಟಿಸುತ್ತಿದ್ದರಂತೆ. ಹಾಗೆಂದು ಬಸಕ್ಕನ ಸೊಸೆ ರಚನಾಳಿಗೆ ಹೇಳುತ್ತಲೇ, ದೃಷ್ಟಿ ತಾಗದಿರಲೆಂದು ತೊಟ್ಟಿಲಿಗೆ ಕೆಂಪು ನೂಲು ಕಟ್ಟಿಹೋದಳು.

ಮರುದಿನವೇ ಮಗುವಿಗೆ ಸುಡುವ ಜ್ವರ. ಬಸಕ್ಕ ನೂಲನ್ನು ಕತ್ತರಿಸಿ ಎಸೆದು, ಮುದುಕಿಯೇ ಮಾಟ ಮಾಡಿದಳೆಂದು ತೀರ್ಪು ಕೊಟ್ಟಳು. ಮಾಟ ಇಳಿಯುವವರೆಗೆ ಕೂಸು ಹೊಸ್ತಿಲು ದಾಟಬಾರದಂತೆ. ಡಾಕ್ಟರ ಹತ್ತಿರ ಹೋಗೋಣವೆಂದು ರಚನಾ ಗೋಗರೆದಳು. ಗಂಡ ನಾಳೆ ನೋಡೋಣವೆಂದ.

ಅಳು ಕೇಳಿ ಲೆವಿನಾ ಬಂದಳು. ಮಾಟಗಾತಿ, ಇತ್ತ ಬರಬೇಡ ಎಂಬುದನ್ನು ಬಸಕ್ಕ ಮಗನ ಬಾಯಿಂದ ಜರ್ಮನ್ನಿನಲ್ಲಿ ಹೇಳಿಸಿದಳು. ಅವನು ನಾಚಿಕೆಯಿಂದ ನೆಲ ನೋಡುತ್ತ ಹೇಳಿದ. ಆದರೂ ಹೇಳಿದ.

"ನಮ್ಮ ಯಹೂದಿಗಳು ಬಾವಿಗೆ ವಿಷ ಹಾಕ್ತಾರೆ, ಮಕ್ಕಳನ್ನ ಕೊಲ್ತಾರೆ ಅಂತ ಹಿಂದೆ ಈ ದೇಶದಲ್ಲಿ ಹೇಳ್ತಿದ್ರು," ಎಂದಳು ಮುದುಕಿ. "ನೀನೂ ಅದನ್ನೇ ಕಲಿತೆಯಾ? ನನ್ನ ತಂಗಿ ಹುಟ್ಟಿದಾಗ ಗೋಡೆ ತುಂಬ ಚೀಟಿ ಅಂಟಿಸಿದ್ರು. ಚೀಟಿ ಉಳೀತು, ತಂಗಿ ಉಳೀಲಿಲ್ಲ. ನೂಲು ನನ್ನ ಸಮಾಧಾನಕ್ಕೆ ಕಟ್ಟಿದ್ದು. ಮಗುವಿಗೆ ಬೇಕಾಗಿರೋದು ಡಾಕ್ಟರು. ಈಗಲೇ ಹೋಗು."

ಗುರುಬಸಪ್ಪ ಬಾಗಿಲು ಹಾಕಿದ.

ಮರುದಿನ ಮಧ್ಯಾಹ್ನ ಮಗುವಿನ ಕತ್ತು ಸೆಟೆದಾಗ ರಚನಾ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅಡ್ಡ ನಿಂತ ಅತ್ತೆಯನ್ನು ಸರಿಸಿ, ಕೂಸನ್ನೆತ್ತಿಕೊಂಡು ಎದುರು ಬಾಗಿಲು ಬಡಿದಳು. ಲೆವಿನಾ ಆಂಬುಲೆನ್ಸಿಗೆ ಫೋನು ಮಾಡಿದಳು.

ಮಿದುಳು ಜ್ವರ. ಮಗು ಬದುಕಿತು, ಆದರೆ ಎರಡೂ ಕಿವಿ ಹೋದವು. ಆಸ್ಪತ್ರೆಯಲ್ಲಿ ಡಾಕ್ಟರು ಏನಂದರೆಂದು ಬಸಕ್ಕ ಕೇಳಿದಳು. ಕೇಳುತ್ತಲೇ ಮತ್ತೆ ಎದುರು ಮನೆಯವಳನ್ನು ಶಪಿಸಿದಳು. ಗುರುಬಸಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಒಂದಿನ ಮೊದಲ ತಂದಿದ್ರ ಕಿವಿ ಉಳೀಬಹುದಿತ್ತು ಅಂದ್ರವ್ವಾ. ಆಕಿ ಅವತ್ತ ಹೇಳಿದ್ಲು. ಮಾಟ ಗೀಟ ಏನೂ ಇಲ್ಲ. ಬಾಗಲಾ ಹಾಕಿದಾವ ನಾನು."

ಬಸಕ್ಕ ನಂಬಲಿಲ್ಲ. ಮಂಚದ ಹಿಂದೆ ನಿಂತು, ಬಳೆ ಕುಲುಕಿ ಮೊಮ್ಮಗಳ ಹೆಸರು ಕೂಗಿದಳು. ಇನ್ನೂ ಜೋರಾಗಿ ಕೂಗಿದಳು. ಕೂಸು ಕಿಟಕಿಯನ್ನೇ ನೋಡುತ್ತಿತ್ತು.