ನೀಲಕಂಠಪ್ಪನವರ ಪೇಟಿಯ ಗಾಂಧಾರ

ಅಮರೇಶನಿಗೆ ಅಚ್ಚುಕಟ್ಟಿನ ಹುಚ್ಚು. ಹುಬ್ಬಳ್ಳಿಯ ಅವನ ಸಣ್ಣ ಸ್ಟುಡಿಯೋದಲ್ಲಿ ವೈರುಗಳಿಗೂ ಹೆಸರಿನ ಚೀಟಿ. ಕಂಪ್ಯೂಟರಿನ ಮಾತಂತೂ ಕೇಳಲೇಬೇಡಿ. ಶಹನಾಯಿ, ಡೊಳ್ಳು, ಏಕತಾರಿ, ಒಂದೊಂದರ ದನಿಯನ್ನೂ ಪ್ರೀಸೆಟ್ ಮಾಡಿ ಅದರದರ ಫೋಲ್ಡರಿಗೆ ಸೇರಿಸಿದ್ದ. ಹೆಸರು ಆರಿಸಿ ಕೀಬೋರ್ಡ್ ಒತ್ತಿದರೆ ಆ ವಾದ್ಯವೇ ನುಡಿಯಬೇಕು.

ಅವುಗಳಲ್ಲೊಂದು ಶಿರಗುಪ್ಪಿಯ ನೀಲಕಂಠಪ್ಪನವರ ಪೇಟಿ. ನಲವತ್ತು ವರ್ಷ ಸೋಮವಾರದ ಭಜನೆಗೆ ನುಡಿದ ಹಾರ್ಮೋನಿಯಂ ಅದು. ಎರಡು ವರ್ಷದ ಹಿಂದೆ ಅವರೇ ಸ್ಟುಡಿಯೋಕ್ಕೆ ಬಂದು, ಒಂದೊಂದು ಸ್ವರವನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ನುಡಿಸಿ ರೆಕಾರ್ಡ್ ಮಾಡಿಸಿದ್ದರು. ಗಾಂಧಾರ ಮಾತ್ರ ಸೋಮಾರಿ. ತಡವಾಗಿ ಏಳುತ್ತಿತ್ತು, ಎದ್ದರೂ ಶ್ರುತಿಗಿಂತ ತುಸು ಇಳಿದೇ ಇರುತ್ತಿತ್ತು.

"ಅದರ ಸ್ವಭಾವನ ಹಂಗ ನೋಡಪಾ. ಅದು ತಡಾ ಮಾಡತೈತಿ ಅಂತ ನಾನ ಲಗೂ ಒತ್ತತೇನಿ," ಎಂದು ನಕ್ಕಿದ್ದರು.

ಮರುವರ್ಷ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದಿತು. ಪೇಟಿಯನ್ನು ಭಜನಾ ಮಂಡಳಿಯ ಹುಡುಗರಿಗೆ ಕೊಡುವಾಗ, ಯಾರೂ ಕೇಳದಿದ್ದರೂ ಬುದ್ಧಿ ಹೇಳಿದವನು ಅಮರೇಶನೇ.

"ಹಳೇ ರೀಡು ತಗಸಿ ಹೊಸಾವು ಹಾಕಸ್ರಿ ಅಜ್ಜಾರ. ನಿಮ್ಮ ದನಿ ನನ್ನ ಕಡೆ ಭದ್ರ ಐತಿ."

ಅವನ ಮಾತು ನಂಬಿ ಹಾಕಿಸಿದರು. ಸ್ವರ ಹೊರಡಿಸುತ್ತಿದ್ದ ಆ ಹಳೆಯ ಹಿತ್ತಾಳೆ ರೀಡುಗಳು ಗುಜರಿಗೆ ಹೋದವು.

ಆಮೇಲೆ ದೀಪಾವಳಿ ಬಂತು. ಊರೆಲ್ಲ ಮನೆ ತೊಳೆಯುವಾಗ ಅಮರೇಶ ಫೋಲ್ಡರ್ ತೊಳೆಯಲು ಕೂತ. ಆ ಗಾಂಧಾರ ಕಿವಿಗೆ ಬಿತ್ತು. ಶ್ರುತಿಗೆ ಏರಿಸಿದ, ತಡವನ್ನು ಕತ್ತರಿಸಿದ. ಹಳೆಯದರ ಮೇಲೆಯೇ ಸೇವ್ ಮಾಡಲೇ ಎಂದು ಕಂಪ್ಯೂಟರ್ ಕೇಳಿತು, ಹೌದು ಎಂದು ಒತ್ತಿದ. ಜಾಗ ತಿನ್ನುತ್ತದೆಂದು ಮೂಲ ರೆಕಾರ್ಡಿಂಗನ್ನೂ ಅಳಿಸಿದ. ಆ ರಾತ್ರಿ ಹಾಯಾಗಿ ನಿದ್ದೆ ಮಾಡಿದ್ದ ಬೇರೆ.

ಕಳೆದ ವಾರ ನೀಲಕಂಠಪ್ಪನವರ ಹೆಂಡತಿ ಗೌರಕ್ಕ ಫೋನ್ ಮಾಡಿದಳು.

"ಇವರು ಭಜನಿಗೆ ಬರೂದ ಬಿಟ್ಟಾರಪಾ. ಈಗಿನ ಪೇಟಿ ನಂದಲ್ಲ ಅಂತ ಮಾರಿ ತಿರುಗಸ್ತಾರ. ನಿನ್ನ ಕಡೆ ಇರೋ ದನಿ ಒಮ್ಮಿ ತಂದು ಕೇಳಸು."

ಪ್ರೀಸೆಟ್ ತೆರೆದು ಗಾಂಧಾರ ಒತ್ತಿದ. ಶುದ್ಧವಾಗಿ, ತಕ್ಷಣ ನುಡಿಯಿತು. ಆಗಲೇ ಅವನಿಗೆ ದೀಪಾವಳಿಯ ಕೆಲಸ ನೆನಪಾದದ್ದು. ಬ್ಯಾಕಪ್ ಹುಡುಕಿದ, ಹಳೆಯ ಪೆನ್‌ಡ್ರೈವ್ ಹುಡುಕಿದ. ಎಲ್ಲೂ ಇಲ್ಲ. ಎರಡು ದಿನ ಕೂತು ಆ ಸ್ವರವನ್ನು ಮತ್ತೆ ಇಳಿಸಿದ, ತಡ ಮಾಡಿಸಿದ. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದವನು, ಈಗ ಅವನಪ್ಪನಿಗೇ ಸೊಂಡಿಲು ಅಂಟಿಸುತ್ತಿದ್ದ. ನಿಜ ಹೇಳಿಬಿಡಬೇಕೆಂದು ಹತ್ತು ಸಲ ಫೋನ್ ಎತ್ತಿದ, ಹತ್ತು ಸಲವೂ ಕೆಳಗಿಟ್ಟ.

ಸೋಮವಾರ ಲ್ಯಾಪ್‌ಟಾಪ್, ಕೀಬೋರ್ಡ್ ಹೊತ್ತು ಶಿರಗುಪ್ಪಿಯ ಬಸ್ಸು ಹತ್ತಿದ. ಪಡಸಾಲೆಯಲ್ಲಿ ನೀಲಕಂಠಪ್ಪನವರು ಗೋಡೆಗೆ ಒರಗಿ ಕೂತಿದ್ದರು. ಅಮರೇಶ ಅವರ ಮುಖ ನೋಡದೆ ಸೋಮವಾರದ ಭಜನೆಯೊಂದನ್ನು ನುಡಿಸಿದ.

ಗೌರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಖರೇನ ನಮ್ಮ ಪೇಟಿ. ನಿನ್ನ ಹೊಟ್ಟಿ ತಣ್ಣಗಿರಲಿ ತಮ್ಮಾ," ಎಂದು ಚಹಾ ಮಾಡಲು ಒಳಗೆ ಹೋದಳು. ಆ ಹರಕೆ ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ನೀಲಕಂಠಪ್ಪನವರು ಎಡಗೈ ಚಾಚಿ ತಾವೇ ಸ, ರಿ ನುಡಿಸಿ ಗಾಂಧಾರ ಒತ್ತಿದರು. ಎಂದಿನಂತೆ ಒಂದಿಷ್ಟು ಮೊದಲೇ. ಮತ್ತೊಮ್ಮೆ ಒತ್ತಿದರು. ತಡವೂ ಇತ್ತು, ಇಳಿತವೂ ಇತ್ತು, ಆದರೆ ಅವರು ಬಲ್ಲ ಗಾಂಧಾರ ಅದಲ್ಲ.

"ಇದು ಯಾರದು?" ತೊದಲಿದರೂ ಮಾತು ಸ್ಪಷ್ಟವಿತ್ತು.

ಅಮರೇಶ ಎಲ್ಲ ಹೇಳಿಬಿಟ್ಟ. ದೀಪಾವಳಿ, ಸೇವ್ ಒತ್ತಿದ್ದು, ಎರಡು ದಿನದ ಈ ಸೋಗು. "ತಪ್ಪಾತ್ರಿ ಅಜ್ಜಾರ," ಎಂದ.

ನೀಲಕಂಠಪ್ಪನವರು ಅಡುಗೆಮನೆಯ ಕಡೆ ನೋಡಿದರು. ಗೌರಕ್ಕ ಒಳಗೆ ಆ ಭಜನೆಯನ್ನೇ ಗುನುಗುತ್ತಿದ್ದಳು.

"ಆಕಿ ಮುಂದ ಹೇಳಬ್ಯಾಡ," ಎಂದರು. ಆಮೇಲೆ ಪರದೆಯ ಮೇಲೆ ಆ ಪ್ರೀಸೆಟ್‌ಗಿದ್ದ ತಮ್ಮ ಹೆಸರಿಗೆ ಬೆರಳಿಟ್ಟರು. "ಇಷ್ಟ ತಗದಬಿಡು."

ಅಮರೇಶ ಅಲ್ಲಿಯೇ ಆ ಹೆಸರನ್ನು ಅಳಿಸಿದ. ಹೊಸ ಹೆಸರು ಕೇಳುತ್ತ ಪರದೆಯ ಗೆರೆ ಮಿನುಗುತ್ತಿತ್ತು. ಅಷ್ಟರಲ್ಲಿ ಗೌರಕ್ಕ ಚಹಾ ತಂದಿಟ್ಟು, "ಇನ್ನೊಮ್ಮಿ ನುಡಸಪಾ, ಇವರ ದನಿ ಕೇಳೂಣು," ಎಂದಳು. ಅವನು ನುಡಿಸಿದ.