ಹಲಗೆಯ ದಾರಿ

"ಏ ಜುಲೈಕಾ, ಇನ್ನೂ ಅರ್ಧದಲ್ಲೇ ಇದ್ದೀಯಲ್ಲ ಮಾರಾಯ್ತಿ! ಎಂಟೂವರೆ ಆಯ್ತು. ಈಗ ಬಸ್ಸು ಬಂದು ಜನ ಇಳಿದ್ರೆ ಮೊದಲು ಕಾಣುವುದೇ ನಿನ್ನ ಈ ಅವತಾರ. ಯುದ್ಧಭೂಮಿ ನೋಡ್ಲಿಕ್ಕೆ ಬಂದವ್ರು ಕಪ್ಪೆ ನೋಡಿ ಹೋಗುವುದಾ?"

ಮೇಲಿನಿಂದ ಕೂಗಿದವನು ಮಜೀದ್, ದಂಡಿನ ಪದವು ಪಾರ್ಕಿನ ಮ್ಯಾನೇಜರ್. ಜುಲೈಕಾ ಇನ್ನೊಂದು ಮೆಟ್ಟಿಲಿಗೆ ಕೈ ಊರಿದಳು. ಮಾತಾಡಿದರೆ ಹತ್ತಲು ಉಸಿರು ಸಾಲದು. ಇನ್ನೂ ಹದಿನಾಲ್ಕು ಮೆಟ್ಟಿಲು ಬಾಕಿ. ಅವಳು ಮೇಲಿನ ಮೆಟ್ಟಿಲಿಗೆ ಬೆನ್ನು ಮಾಡಿ ಕೂತು ಹಿಂದಕ್ಕೆ ಹತ್ತುವವಳು. ಎರಡೂ ಕೈಗಳನ್ನು ಹಿಂದಿನ ಮೆಟ್ಟಿಲಿಗೆ ಊರಿ, ಸೊಂಟ ಎತ್ತಿ ಅಲ್ಲಿ ಕೂರಿಸಬೇಕು. ಆಮೇಲೆ ಪೋಲಿಯೋದಲ್ಲಿ ಒಣಗಿದ ಕಾಲುಗಳನ್ನು ಒಂದೊಂದಾಗಿ ಎಳೆದುಕೊಳ್ಳಬೇಕು. ಕೆಂಪು ಮುರಕಲ್ಲು ಗರಗಸದ ಹಾಗೆ. ಅಂಗೈಗೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡಿದ್ದರೂ ಮಣಿಕಟ್ಟಿನ ಚರ್ಮ ಸುಲಿದಿತ್ತು.

ಇನ್ನೂರು ವರ್ಷದ ಹಿಂದೆ ಕುಂಪಣಿಯ ದಂಡಿಗೂ ಊರ ಅರಸನ ಜನಕ್ಕೂ ಗುಡ್ಡದ ಮೇಲಿನ ಈ ಪದವಿನ ಬಯಲಿನಲ್ಲಿ ಕಾಳಗವಾಗಿತ್ತಂತೆ. ಮೂರು ವರ್ಷದ ಹಿಂದೆ ಒಂದು ಟ್ರಸ್ಟು ಮೇಲೆ ಹೂದೋಟ ಮಾಡಿ, ಫಿರಂಗಿ ಇಟ್ಟು, ಟಿಕೆಟ್ ಕೌಂಟರನ್ನು ಇಪ್ಪತ್ತೆಂಟು ಮೆಟ್ಟಿಲುಗಳ ತುದಿಯಲ್ಲಿ ಕಟ್ಟಿತು. ಟಿಕೆಟ್ ಹರಿಯುವ ಕೆಲಸವನ್ನು ಅಂಗವಿಕಲ ಮಹಿಳೆಗೇ ಕೊಟ್ಟೆವೆಂದು ಪೇಪರಿನಲ್ಲಿ ಜುಲೈಕಾಳ ಫೋಟೋವೂ ಬಂದಿತ್ತು. ಇಪ್ಪತ್ತೆರಡು ವರ್ಷ ತಾಯಿ ಜೈನಬಮ್ಮನ ಪಕ್ಕ ಕೂತು ಬೀಡಿ ಕಟ್ಟಿ ಎದೆಯೆಲ್ಲ ಹೊಗೆಸೊಪ್ಪಿನ ಧೂಳಾಗಿದ್ದವಳಿಗೆ ಕುರ್ಚಿಯ ಕೆಲಸ ಸಿಕ್ಕಿತೆಂದು ಜೈನಬಮ್ಮ ನೆರೆಕರೆಗೆಲ್ಲ ಬೆಲ್ಲದ ಕಲ್ತಪ್ಪ ಮಾಡಿ ಹಂಚಿದ್ದಳು. ಕುರ್ಚಿಯೇನೋ ಇತ್ತು. ಕಕ್ಕಸು ಮಾತ್ರ ಕೆಳಗಿತ್ತು. ಹಾಗಾಗಿ ಬೆಳಗಿನ ಚಾದ ಮೇಲೆ ಸಂಜೆ ಐದರವರೆಗೆ ಅವಳು ಒಂದು ತೊಟ್ಟು ನೀರೂ ಕುಡಿಯುತ್ತಿರಲಿಲ್ಲ. ಉರಿಮೂತ್ರಕ್ಕೆ ಮಡಂತ್ಯಾರಿನ ಡಾಕ್ಟರು "ನೀರು ಚೆನ್ನಾಗಿ ಕುಡೀರಿ" ಅಂದಾಗ ಸುಮ್ಮನೆ ತಲೆಯಾಡಿಸಿ ಬಂದಿದ್ದಳು.

ಕೌಂಟರ್ ಕೆಳಗೆ ಮಾಡಿಕೊಡಿ ಎಂದು ಒಮ್ಮೆ ಕೇಳಿದ್ದಕ್ಕೆ, "ಕೆಳಗೆ ಡಬ್ಬ ಕಟ್ಟಿದ್ರೆ ನೋಟ ಹಾಳಾಗ್ತದಂತೆ, ಧಣಿಗಳು ಹೇಳಿದ್ರು" ಎಂದಿದ್ದ ಮಜೀದ್. ಗುಡ್ಡದ ಹಿಂದಿನ ದಾರಿಯಲ್ಲಿ ಮೇಲೆ ಬರುವ ಟ್ರಸ್ಟಿನ ಜೀಪಿನಲ್ಲಿ ಕೂರಿಸಿಕೊಳ್ಳಿ ಎಂದು ಕೇಳಿದಾಗ, "ಇವತ್ತು ನಿನ್ನನ್ನು ಕೂರಿಸಿದ್ರೆ ನಾಳೆ ಗುಡಿಸುವವಳೂ ಕೇಳ್ತಾಳೆ" ಎಂದಿದ್ದ. ಮತ್ತೆ ಅವಳು ಕೇಳಲು ಹೋಗಿರಲಿಲ್ಲ.

ಈ ದಿನ ಮೆಟ್ಟಿಲ ಬುಡದಲ್ಲಿ ಒಬ್ಬ ಟೇಪು ಹಿಡಿದು ಅಳತೆ ಮಾಡುತ್ತಿದ್ದ. ಶಾಮಿಯಾನದ ಕೆಲಸದ ಐತಪ್ಪ. ಐವತ್ತು ದಾಟಿದವನು, ಒಂದು ಭುಜ ಕುಸಿದಿತ್ತು. ಅವಳು ಏರುವುದನ್ನೇ ನೋಡುತ್ತ ಟೇಪು ಮಡಚುವುದನ್ನು ಮರೆತಿದ್ದ.

"ದಿನಾ ಹೀಗೆಯಾ ತಂಗಿ?"

"ಶುಕ್ರವಾರ ರಜೆ."

ಐತಪ್ಪ ಬಾಯಿಯ ಎಲೆಯಡಿಕೆಯನ್ನು ಆಚೆ ದವಡೆಗೆ ದೂಡಿದ. "ಈ ಮೆಟ್ಟಿಲಿಗೆ ಕಲ್ಲು ಹೊತ್ತದ್ದು ನಾನು. ಹೊರುವಾಗ ನೀವು ಬರ್ತೀರಿ ಅಂತ ಯಾರೂ ಹೇಳ್ಲಿಲ್ಲ."

ಸಂಜೆ ಇಳಿಯುವಾಗ ಮಜೀದ್ ಹೇಳಿದ: "ನಾಳೆ ಒಳ್ಳೆ ಬುರ್ಖಾ ಹಾಕಿಕೊಂಡು ಬಾ. ಬೆಂಗಳೂರಿಂದ ಮೇಡಂ ಬರ್ತಾರೆ, ಅಂಗವಿಕಲರಿಗೆ ದಾರಿ ಉಂಟಾ ನೋಡ್ಲಿಕ್ಕೆ. ನಾಳೆ ನೀನು ತೆವಳುವುದು ಬೇಡ. ನಿನಗೆ ರ್‍ಯಾಂಪ್ ಉಂಟು."

ಮರುದಿನ ಬೆಳಿಗ್ಗೆ ನಿಜವಾಗಿಯೂ ಇತ್ತು. ಕೆಳಗಿನ ಹನ್ನೊಂದು ಮೆಟ್ಟಿಲುಗಳ ಮೇಲೆ ಮರದ ಚೌಕಟ್ಟು, ಅದರ ಮೇಲೆ ಪ್ಲೈವುಡ್ ಹಲಗೆ, ಹಸಿರು ಹಾಸು, ಎರಡೂ ಬದಿಗೆ ಸೇವಂತಿಗೆ ಮಾಲೆ. ಹನ್ನೆರಡನೇ ಮೆಟ್ಟಿಲಿನಿಂದ ಮೇಲೆ ಅದೇ ಮುರಕಲ್ಲು. ಕೆಳಗೆ ನಿಂತು ಫೋಟೋ ತೆಗೆದರೆ ಅದು ಕಾಣುವುದಿಲ್ಲವೆಂದು ಮಜೀದ್ ಮೊದಲೇ ತನ್ನ ಮೊಬೈಲಿನಲ್ಲಿ ತೆಗೆದು ನೋಡಿಕೊಂಡಿದ್ದ. ಯಾವುದೋ ಆಸ್ಪತ್ರೆಯಿಂದ ತಂದ ಗಾಲಿಕುರ್ಚಿಯಲ್ಲಿ ಅವಳನ್ನು ಕೂರಿಸಿದರು. ಐತಪ್ಪ ಮತ್ತೊಬ್ಬನ ಜೊತೆ ಸೇರಿ ಹಲಗೆಯ ನಡುವಿನವರೆಗೆ ದೂಡಿ, ಬ್ರೇಕ್ ಹಾಕಿ, ಚಕ್ರದ ಹಿಂದೆ ಇಟ್ಟಿಗೆ ಇಟ್ಟ.

"ಕೇಳಿದ್ರೆ 'ತುಂಬ ಅನುಕೂಲ ಆಗಿದೆ' ಅಂತ ಹೇಳು, ಅಷ್ಟೇ. ಬೇರೆ ಏನೂ ಉಗುಳಬೇಡ," ಎಂದ ಮಜೀದ್.

ಹತ್ತೂವರೆಗೆ ಮೇಡಂ ಬಂದರು. ಜೊತೆಗೆ ಟ್ರಸ್ಟಿನ ಅಧ್ಯಕ್ಷ, ಮಜೀದನ ಧಣಿ ವೀರರಾಜ. ಬಿಳಿ ಪಂಚೆ, ಮೆಲ್ಲಗಿನ ಮಾತು. ಸುತ್ತಲ ಅರ್ಧ ಜಾಗ ಇವತ್ತಿಗೂ ಅವರ ಮನೆತನದ್ದು.

"ಇನ್ನೂರು ವರ್ಷದ ಮೆಟ್ಟಿಲು ಮೇಡಂ, ಉಳಿ ಮುಟ್ಟಿಸುವ ಹಾಗಿಲ್ಲ. ಆದರೂ ಇಂಥವರಿಗೆ ಅಂತ ನಾವು ಹೇಗಾದರೂ ಮಾಡಿ ದಾರಿ ಮಾಡಿದ್ದೇವೆ."

ಐತಪ್ಪ ತನ್ನ ಕುಸಿದ ಭುಜ ನೀವಿಕೊಂಡ. ವೀರರಾಜ ಅವನತ್ತ ತಿರುಗಿ ಅದೇ ಮೆಲುದನಿಯಲ್ಲಿ, "ಏ ಹಲಗೆಯವನೇ, ಆಚೆ ಹೋಗು. ಫೋಟೋದಲ್ಲಿ ಬೀಳ್ತೀಯ," ಎಂದರು.

ಮೇಡಂ ಮೊಬೈಲ್ ಎತ್ತಿ ಹಿಡಿದರು. "ಅನುಕೂಲ ಆಗಿದೆಯೇನಮ್ಮ?"

"ತುಂಬ ಅನುಕೂಲ ಆಗಿದೆ."

ಮಾತು ತಾನಾಗಿ ಹೊರಬಿತ್ತು, ದಿನಕ್ಕೆ ನೂರು ಸಲ ಹೇಳುವ 'ಚಿಲ್ಲರೆ ಕೊಡಿ' ಎಂಬಷ್ಟೇ ಸಲೀಸಾಗಿ. ಸುಳ್ಳು ಹೇಳಿದ ನಾಚಿಕೆಯಾದರೂ ಆಗಬೇಕಿತ್ತು. ಆಗಲಿಲ್ಲ. ಬರೀ ಸುಸ್ತು.

"ಮೇಲಿನವರೆಗೂ ಹೀಗೇ ಇದೆ ಅಲ್ವಾ?" ಎಂದು ಕೇಳಿದರು ಮೇಡಂ, ಬರೆದುಕೊಳ್ಳುತ್ತ.

"ಎಲ್ಲ ಉಂಟು ಮೇಡಂ. ಬನ್ನಿ, ನಾವು ಜೀಪಿನಲ್ಲಿ ಹೋಗುವ. ಬಿಸಿಲು. ಮೇಲೆ ಎಳನೀರು ಇಟ್ಟಿದ್ದೇವೆ," ಎಂದರು ವೀರರಾಜ.

ಜೀಪು ಗುಡ್ಡದ ಹಿಂದಕ್ಕೆ ತಿರುಗಿದ್ದೇ ಮಜೀದ್ ಚಪ್ಪಾಳೆ ತಟ್ಟಿದ. "ಸರಿ, ಆಯ್ತು. ಐತಪ್ಪ, ಇವಳನ್ನು ಕೆಳಗೆ ತಾ, ಹಲಗೆ ಬಿಚ್ಚು. ಮೂಡುಬಿದಿರೆಯ ಮದುವೆಗೆ ಹೋಗ್ಬೇಕಂತಲ್ಲ ಇದು. ಜುಲೈಕಾ, ಮೇಡಂ ಹೋಗುವವರೆಗೆ ನೀನು ಜನರೇಟರ್ ಕೋಣೆಯಲ್ಲಿ ಕೂತಿರು. ಹೊರಗೆ ಕಾಣಬೇಡ. ಆಮೇಲೆ ಹತ್ತು."

"ನಾನು ಇಳಿಯುವುದಿಲ್ಲ ಮಜೀದ್ ಕಾಕ."

"ಏನು?"

"ಸಾಕಾಯ್ತು ನನಗೆ. ಇಳಿಯುವುದಿಲ್ಲ." ಅವಳು ಜೋರಾಗಿ ಹೇಳಲಿಲ್ಲ. ಜೋರು ಮಾಡುವಷ್ಟು ತ್ರಾಣವೂ ಇರಲಿಲ್ಲ.

"ಬೇವರ್ಸಿ! ನಿನ್ನ ಅಪ್ಪನ ಅಂಗಳವಾ ಇದು? ಈ ಕೆಲಸಕ್ಕಾಗಿ ಧಣಿಗಳ ಕಾಲು ಹಿಡಿದದ್ದು ನಾನು!"

"ನಿಮ್ಮ ಕೈ ಅದಕ್ಕೆ ಉಂಟು. ನನಗೆ ಕೈ ನಡೀಲಿಕ್ಕೆ ಬೇಕಲ್ಲ."

ಮಜೀದನ ಮುಖ ಬಿಳಿಚಿತು. "ನಿನ್ನ ಜೊತೆ ನನ್ನ ಅನ್ನಕ್ಕೂ ಮಣ್ಣು ಹಾಕ್ತೀಯಾ ಕುಂಟಿ? ಮನೆಯಲ್ಲಿ ನನಗೂ ಮೂರು ಹೆಣ್ಣುಮಕ್ಕಳುಂಟು." ಅವನು ಹಲಗೆ ಹತ್ತಿ ಕುರ್ಚಿಯ ಹಿಡಿ ಜಗ್ಗಿದ. ಜುಲೈಕಾ ಎರಡೂ ಚಕ್ರಗಳನ್ನು ಅಪ್ಪಿ ಹಿಡಿದಳು. ಇಪ್ಪತ್ತೆಂಟು ಮೆಟ್ಟಿಲು ದಿನವೂ ಹತ್ತಿದ ತೋಳುಗಳು, ಕುರ್ಚಿ ಕದಲಲಿಲ್ಲ. ಆ ಹೊತ್ತಿಗೆ ಬಸ್ಸೊಂದು ಬಂದು, ಇಳಿದ ಕಾಲೇಜು ಹುಡುಗಿಯರು ಮೆಟ್ಟಿಲ ಬುಡದಲ್ಲಿ ಗುಂಪಾಗಿ ನಿಂತರು.

"ಐತಪ್ಪ, ಹಲಗೆ ಕೀಳು! ಆಗ ತನ್ನಷ್ಟಕ್ಕೆ ಇಳೀತಾಳೆ."

"ಹಲಗೆ ಮೇಲೆ ಮನುಷ್ಯರಿದ್ದಾರೆ."

"ಕೀಳು ಅಂದೆ. ನಿನ್ನ ಸಾಹುಕಾರನಿಗೆ ಈಗಲೇ ಫೋನ್ ಮಾಡ್ತೇನೆ. ನಾಳೆಯಿಂದ ಈ ತಾಲೂಕಿನಲ್ಲಿ ನಿನಗೆ ಒಂದು ಚಪ್ಪರದ ಗೂಟವೂ ಸಿಗ್ಲಿಕ್ಕಿಲ್ಲ."

ಐತಪ್ಪ ಎಲೆಯಡಿಕೆ ಉಗಿದ. ಉಟ್ಟ ಮುಂಡಿನ ಸೊಂಟದಿಂದ ಸುತ್ತಿಗೆ ತೆಗೆದು ಹಲಗೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಹಾಸಿನ ಅಂಚು ಸರಿಸಿ, ಸುತ್ತಿಗೆಯ ಸೀಳುಬಾಯಿಯನ್ನು ಮೊಳೆಯ ತಲೆಗೆ ಸಿಕ್ಕಿಸಿ ಮೀಟಿದ. ಬೇಗ ಬಿಚ್ಚಲೆಂದೇ ಮೊಳೆಗಳನ್ನು ಅರ್ಧಂಬರ್ಧ ಹೊಡೆದಿದ್ದರು. ಹಲಗೆ ಕಿರುಗುಟ್ಟಿ ಒಂದು ಬೆರಳಷ್ಟು ಎದ್ದಿತು. ಕುರ್ಚಿ ವಾಲಿತು. ಜುಲೈಕಾ ಕಣ್ಣು ಮುಚ್ಚಿದಳು. ಬಿದ್ದರೆ ಬೀಳುತ್ತೇನೆ, ಇನ್ನು ಕೈ ಬಿಡುವುದಿಲ್ಲ ಎಂದುಕೊಂಡಳು.

ಬೀಳಲಿಲ್ಲ. ಠಣ್ ಎಂದು ಕೇಳಿಸಿತು. ಮತ್ತೊಮ್ಮೆ ಠಣ್.

ಕಣ್ಣು ಬಿಟ್ಟಾಗ ಐತಪ್ಪ ಸುತ್ತಿಗೆ ತಿರುಗಿಸಿ ಹಿಡಿದಿದ್ದ. ಕಿತ್ತ ಮೊಳೆಯನ್ನು ತಲೆ ಮುಳುಗುವವರೆಗೆ ಹಲಗೆಗೆ ಹೊಡೆದ. ಪಕ್ಕದ್ದನ್ನೂ ಹೊಡೆದ. ಕುಸಿದ ಭುಜವನ್ನು ಎತ್ತುವಾಗ ನೋವಿಗೆ ಅವನು ಹಲ್ಲು ಕಚ್ಚುತ್ತಿದ್ದ.

"ಏನು ಮಾಡ್ತಿದ್ದೀಯಾ ನಾಯಿ!" ಮಜೀದ್ ಕಿರುಚಿದ.

ಐತಪ್ಪ ಜೇಬಿನಿಂದ ಮೂರಿಂಚಿನ ಮೊಳೆಗಳ ಪೊಟ್ಟಣ ತೆಗೆದು ಜುಲೈಕಾಳ ಮಡಿಲಿಗಿಟ್ಟ. "ಒಂದೊಂದೇ ಕೊಡಿ ತಂಗಿ. ನನಗೆ ಬಗ್ಗಿ ಹೆಕ್ಕಲಿಕ್ಕೆ ಆಗುವುದಿಲ್ಲ."

ಮೇಲೆ ಇಪ್ಪತ್ತೆಂಟನೇ ಮೆಟ್ಟಿಲಲ್ಲಿ ವೀರರಾಜ ಕಾಣಿಸಿಕೊಂಡರು. ಹಿಂದೆ ಎಳನೀರು ಹಿಡಿದ ಮೇಡಂ, ಕೆಳಗೆ ಬಾಗಿ ನೋಡುತ್ತ.

"ಏನದು ಶಬ್ದ, ಮಜೀದ್?"

ಮಜೀದ್ ಕುರ್ಚಿಯ ಹಿಡಿಯಿಂದ ಕೈ ತೆಗೆದ. ಜುಲೈಕಾ ಪೊಟ್ಟಣದಿಂದ ಒಂದು ಮೊಳೆ ಆರಿಸಿ ಐತಪ್ಪನ ಕೈಗಿಟ್ಟಳು. ಅವನು ಹೊಡೆದ. ಅವಳು ಮತ್ತೊಂದು ತೆಗೆದಳು.