ಹಲಗೆಯ ಕೆಳಗಿನ ಮೈಕು

ಸೋಮವಾರ ಬೆಳಿಗ್ಗೆ ಹೆರ್ಲಿಂದಾಳ ಬಲಗಾಲಿನ ಹರಡಿಗೆ ಉಕ್ಕಿನ ಸಲಾಕೆ ಹಾಕುವುದೆಂದು ನಿಶ್ಚಯವಾಗಿತ್ತು. ಆಮೇಲೆ ಧಾರಾಳವಾಗಿ ನಡೆಯಬಹುದು, ಕುಣಿಯುವ ಮಾತು ಮಾತ್ರ ಬೇಡ ಎಂದಿದ್ದರು ಡಾಕ್ಟರು. ಅದಕ್ಕೇ ಭಾನುವಾರ ಅವಳು ಹಟ ಹಿಡಿದು ಕೂತಳು. ಕಾಲು ಹೋಗುವ ಮುಂಚೆ ಕಾಲಿನ ಸದ್ದಾದರೂ ಮನೆಯಲ್ಲಿ ಉಳಿಯಬೇಕು.

ಅವರ ಊರಾದ ಆಲ್ವಾರಾದೊದಲ್ಲಿ ಕುಣಿತವೆಂದರೆ ಸದ್ದೇ. ತಾರೀಮಾ ಎಂಬ ಹಲಗೆಪೆಟ್ಟಿಗೆಯ ಮೇಲೆ ಹೆಂಗಸರು ಹಿಮ್ಮಡಿಯಿಂದ ಕುಟ್ಟುವುದೇ ಹಾಡಿಗೆ ತಾಳ.

ಮಗಳು ಮಿರೇಯಾ ಮೀನಿನ ವ್ಯಾನಿನವರಿಗೆ ‘ಸೀಗಡಿ ಬಂತು, ಏಡಿ ಬಂತು’ ಎಂಬ ಕೂಗನ್ನು ರೆಕಾರ್ಡ್ ಮಾಡಿಕೊಡುವವಳು. ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿಯೊಂದು ಅವಳ ಬಳಿ ಇತ್ತು. ಅದಕ್ಕೆ ಎರಡೇ ತೂತು. ಒಂದಕ್ಕೆ ಅಪ್ಪನ ಹಾಡಿನ ಮೈಕು, ಇನ್ನೊಂದಕ್ಕೆ ಅಪ್ಪನದೇ ಪುಟ್ಟ ಗಿಟಾರು, ಹರಾನಾ, ಸಿಕ್ಕಿಸಿಯಾಗಿತ್ತು.

“ನನ್ ಕಾಲಿಗೆಲ್ಲಿ ಜಾಗ?” ಎಂದಳು ಹೆರ್ಲಿಂದಾ.

“ನಿನ್ ಕಾಲು ಹೊಳೆ ಆಚೆ ದಡಕ್ಕೂ ಕೇಳ್ಸತ್ತೆ ಕಣೇ, ಅದಕ್ಯಾಕೆ ಮೈಕು?” ಎಂದ ಗಂಡ ಫೌಸ್ತೀನೊ. ಊರಿಗೇ ಹಾಡುಗಾರ. ತನ್ನ ದನಿಯ ಮೇಲೆ ಅವನಿಗೆ ಪ್ರೀತಿ ತುಸು ಹೆಚ್ಚೇ.

“ಹಂಗಾದ್ರೆ ನಾಳೆ ನಿನ್ ಗಂಟ್ಲಿಗೇ ಸಲಾಕೆ ಹಾಕ್ಸಣ, ಬಾ.”

ಮಿರೇಯಾ ನಗುತ್ತ ಹರಾನಾದ ವೈರನ್ನು ಡಬ್ಬಿಯಿಂದ ಕಿತ್ತಳು. ಅಪ್ಪನ ಹಾಡಿಗೂ ವಾದ್ಯಕ್ಕೂ ಒಂದೇ ಮೈಕು ಸಾಕು. ಖಾಲಿಯಾದ ತೂತಿಗೆ ಇನ್ನೊಂದು ಮೈಕಿನ ವೈರು ಸಿಕ್ಕಿಸಿ, ಆ ಮೈಕನ್ನು ಮಡಿಸಿದ ಟವೆಲ್ಲಿನ ಮೇಲಿಟ್ಟು ತಾರೀಮಾದ ಪಕ್ಕದ ಕಿಂಡಿಯೊಳಗೆ ತಳ್ಳಿದಳು.

“ಅಪ್ಪ, ಒಂದು ಪದ ಹಾಡು. ಅಮ್ಮ, ನೀನು ಕುಣಿ. ಸದ್ದಿನ ಅಳತೆ ನೋಡ್ತೀನಿ.”

ಅವನು ಹಾಡಿದ, ಅವಳು ಕುಣಿದಳು. ಡಬ್ಬಿಯ ಹಸಿರು ದೀಪ ಚೆನ್ನಾಗಿ ಮಿನುಗುವವರೆಗೆ ಮಿರೇಯಾ ಅದರ ಗುಂಡಿ ತಿರುಗಿಸಿದಳು. ರೆಕಾರ್ಡಿಂಗ್ ಶುರುವಾಯಿತು. ಮೊದಲ ಪದ ಸೊಗಸಾಗಿ ಬಂತು. ಪದ ಮುಗಿದದ್ದೇ ಹೆರ್ಲಿಂದಾ ಹಿಮ್ಮಡಿ ಊರಿ ಕುಟ್ಟಿದಳು ನೋಡಿ, ಸದ್ದು ಅಳತೆ ಮೀರಿ ದೀಪ ಕೆಂಪಾಯಿತು. ಹೆಡ್‌ಫೋನಿನಲ್ಲಿ ತಗಡು ಹರಿದಂಥ ಸದ್ದು.

ಮಿರೇಯಾ ತಲೆ ಚಚ್ಚಿಕೊಂಡಳು. ಇದೇ ಮನೆಯಲ್ಲಿ ಹುಟ್ಟಿದವಳಿಗೆ ಇಷ್ಟು ಗೊತ್ತಾಗಬೇಡವೇ? ಹಾಡುಗಾರ ಬಾಯಿ ತೆರೆದಾಗ ಯಾವ ಹೆಂಗಸೂ ಜೋರಾಗಿ ಕುಟ್ಟುವುದಿಲ್ಲ. ಮಾತು ಕೇಳಲೆಂದು ಕಾಲು ತಗ್ಗಿಸುತ್ತಾಳೆ. ಇವಳು ಅಳತೆ ಹಿಡಿದದ್ದು ಆ ತಗ್ಗಿದ ಕಾಲಿಗೆ.

ಹೆರ್ಲಿಂದಾ ಕುರ್ಚಿಗೆ ಕುಸಿದಳು. ಹರಡು ಆಗಲೇ ಊದಿತ್ತು. “ಇನ್ನೊಂದೇ ಸಲ ಆಗೋದು, ಮಗಳೇ. ಅದೂ ಹಾಳಾದ್ರೆ ಮುಗೀತು,” ಎಂದಾಗ ಅವಳಿಗೆ ಅಳುವೇ ಬಂದಿತ್ತು.

ಅಳತೆಗೆ ಜೋರು ಕುಟ್ಟು ಬೇಕು, ಆದರೆ ಆ ಕಾಲನ್ನು ಅದಕ್ಕೆ ಖರ್ಚು ಮಾಡುವಂತಿಲ್ಲ. ಫೌಸ್ತೀನೊ ಹರಾನಾ ಕೆಳಗಿಟ್ಟು, ಪ್ಯಾಂಟು ಎತ್ತಿಕೊಂಡು ತಾನೇ ಹಲಗೆ ಹತ್ತಿ ಧಡಧಡ ಕುಟ್ಟಿದ.

“ಅಯ್ಯೋ, ಎಮ್ಮೆ ದೋಣಿ ಹತ್ತಿದಂಗಿದೆ!” ಹೆರ್ಲಿಂದಾಗೆ ಅಳುವಿನಲ್ಲೇ ನಗು ಬಂತು.

“ಎಮ್ಮೆನೋ ಎತ್ತೋ, ದೀಪ ನೋಡೇ ನೀನು,” ಎಂದು ಮಗಳನ್ನು ಗದರಿದ. ಮಿರೇಯಾ ಗುಂಡಿಯನ್ನು ಇಳಿಸುತ್ತ ಹೋದಳು. ಕೊನೆಗೂ ಕೆಂಪು ಆರಿತು.

ಮತ್ತೆ ಶುರು. ಮೊದಲ ಪದಕ್ಕೆ ಹೆರ್ಲಿಂದಾ ಕಾಲು ತಗ್ಗಿಸಿದಳು, ಪದ ಮುಗಿದಾಗ ಕುಟ್ಟಿದಳು. ಎರಡನೆಯ ಪದದ ಹೊತ್ತು ಬಂತು. ನಲವತ್ತು ವರ್ಷದ ಅಭ್ಯಾಸ, ಹಿಮ್ಮಡಿ ತಾನಾಗಿ ಹಗುರಾಯಿತು. ದನಿ ಬರಲಿಲ್ಲ. ಇನ್ನೊಂದು ಸುತ್ತು ಕಾದಳು. ಫೌಸ್ತೀನೊ ಬಾಯಿ ಬಿಗಿದು, ತಂತಿಯ ಮೇಲೆ ಕಣ್ಣಿಟ್ಟು ಸುಮ್ಮನೆ ಬಾರಿಸುತ್ತಿದ್ದ.

ಆಗ ಅವಳಿಗೆ ತಿಳಿಯಿತು. ಬಲಗಾಲಿನ ನೋವನ್ನು ಮರೆತು ಎರಡೂ ಹಿಮ್ಮಡಿ ಎತ್ತಿ ಕುಟ್ಟಿದಳು. ಕಪಾಟಿನ ಲೋಟಗಳು ಅದುರಿದವು. ಕಾಲು ಇನ್ನು ಸಾಕೆನ್ನುವವರೆಗೂ ಅವಳು ತಗ್ಗಿಸಲಿಲ್ಲ, ಅವನು ಬಾಯಿ ತೆರೆಯಲಿಲ್ಲ.

ಮಿರೇಯಾ ಹೆಡ್‌ಫೋನ್ ತೆಗೆದಳು. “ಕಾಲು ಪೂರ್ತಿ ಬಂದಿದೆ ಅಮ್ಮಾ, ಒಂದ್ಸಲಾನೂ ಕೆಂಪಾಗ್ಲಿಲ್ಲ. ಅಪ್ಪಾ, ಎರಡನೇ ಪದ ಏನಾಯ್ತು?”

“ಮರ್ತುಹೋಯ್ತು.”

“ಸುಳ್ಳ,” ಎಂದಳು ಹೆರ್ಲಿಂದಾ, ಕಣ್ಣೊರೆಸಿಕೊಳ್ಳುತ್ತ. “ಹೋಗು, ಐಸ್ ತಗೊಂಬಾ.”

ಅವನು ಅಡುಗೆಮನೆಗೆ ಹೋದ. ಐಸ್ ಒಡೆಯುವ ಸದ್ದಿನ ನಡುವೆ ಎರಡನೆಯ ಪದ ಮೆಲ್ಲಗೆ ಕೇಳಿಸಿತು, ಒಂದಕ್ಷರವೂ ತಪ್ಪದೆ.